ಎಡದ ಎಸಳು, ಬಲದ ಎಸಳು

"ನಿಲ್ಲಸಬ್ಯಾಡ್ರಿ! ಹಂಗ ಮುಂದ ಹೇಳ್ರಿ!"

ಬೀಸುವ ಕಲ್ಲಿನ ಗೂಟ ಹಿಡಿದಿದ್ದ ಚನ್ನವ್ವನ ಕೈ ಗಕ್ಕನೆ ನಿಂತಿತು. ತಲೆ ಎತ್ತಿದರೆ ಹಿತ್ತಲ ಗೋಡೆಯ ಮೇಲೆ ಒಂದು ಗಂಡು ಮುಖ! ಕೆದರಿದ ಕೂದಲು, ಕೂದಲ ತುಂಬ ನೂಲಿನ ಎಳೆ. ಹಸಿದವನು ರೊಟ್ಟಿ ನೋಡುವ ಹಾಗೆ ಅವಳ ಬಾಯಿಯನ್ನೇ ನೋಡುತ್ತಿದ್ದ.

"ಅಯ್ಯ! ಹೆಣ್ಣಮಕ್ಕಳು ಬೀಸೂ ಕಡೆ ಗ್ವಾಡಿ ಹತ್ತಿ ಇಣಕತೀರಲ್ರಿ, ನಾಚಿಕಿ ಆಗಂಗಿಲ್ಲೇನ?"

"ತಪ್ಪಾತ್ರಿ... ಆದ್ರ ಆ ಹಾಡಿನ ಮುಂದಿಂದು ಹೇಳ್ರಿ. ನನ್ನ ಮಗ್ಗ ನಿಂತು ಹೋಗೇತಿ!"

ಆಗ ಅವಳಿಗೆ ಅರಿವಾಯಿತು. ಬೀಸುತ್ತ ಬೀಸುತ್ತ ತಾನು ಗುನುಗುತ್ತಿದ್ದದ್ದು ಬೀಸುವ ಪದವಲ್ಲ, ಬಾಜೂ ಮನೆಯ ಕಾಶೆವ್ವ ದಡಿ, ಅಂದರೆ ಸೀರೆಯಂಚು, ನೇಯಿಸುವಾಗ ಹೇಳುವ ಹಾಡು! ಚಿಕ್ಕವಳಿದ್ದಾಗ ಮಸಗುಪ್ಪಿಯಿಂದ ಯಮಕನಮರಡಿಯ ದೊಡ್ಡವ್ವನ ಮನೆಗೆ ಬಂದಾಗಲೆಲ್ಲ ಈ ಗೋಡೆಯಾಚೆಯಿಂದ ಕೇಳಿ ಕೇಳಿ ಅದು ಅವಳ ನಾಲಿಗೆಯ ಮೇಲೆ ಕೂತುಬಿಟ್ಟಿತ್ತು.

"ಮುಂದಿಂದು... ಮುಂದಿಂದು ಏನೋ ಇತ್ತಲ್ಲ..." ಚನ್ನವ್ವ ಹಣೆ ಒತ್ತಿಕೊಂಡಳು. "ನೀವು ಒದರಿದ್ದಕ್ಕ ಮರತ ಹೋತು ನೋಡ್ರಿ! ಈ ಹಾಡು ನಡಬರಕ ಬರಂಗಿಲ್ಲ. ಮೊದಲಿಂದನ ಹೇಳಬೇಕು."

"ಹಂಗಾದ್ರ ಮೊದಲಿಂದ ಹೇಳ್ರಿ. ನಿಮ್ಮ ಪುಣ್ಯಾ!"

ಆ ಮುಖ ಅಷ್ಟು ದೈನ್ಯದಿಂದ ಬೇಡಿಕೊಂಡಿತು. ಚನ್ನವ್ವನಿಗೆ ಸಿಟ್ಟು ಬರಬೇಕಾಗಿತ್ತು, ಬರಲಿಲ್ಲ. ಯಾಕೋ ನಗು ಬಂತು.

ಆ ಮುಖದ ಹೆಸರು ಕೆಂಚಪ್ಪ. ಕಾಶೆವ್ವನ ಒಬ್ಬನೇ ಮಗ. ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿದ್ದರೂ ಯಮಕನಮರಡಿ ಇನ್ನೂ ಮುಂಬಯಿ ರಾಜ್ಯದಲ್ಲೇ ಇದ್ದ ಕಾಲ ಅದು. ಆ ಊರಿನ ನೇಕಾರರ ಓಣಿಯಲ್ಲಿ ಮಗ್ಗಗಳಿಗೆ ಬರವಿರಲಿಲ್ಲ. ಆದರೆ ಹೂಬಳ್ಳಿ ದಡಿಯ ಸೀರೆ ನೇಯುವ ಮಗ್ಗ ಕಾಶೆವ್ವನ ಮನೆಯದೊಂದೇ.

ಆ ದಡಿ ನೇಯಲು ಮಗ್ಗದ ಮೇಲೆ ಬಣ್ಣ ಬಣ್ಣದ ಬಟ್ಟೆಚೂರು ಕಟ್ಟಿದ ದಾರಗಳು ಇಳಿಬಿದ್ದಿರುತ್ತಿದ್ದವು. ಒಂದೊಂದು ಸಲ ಲಾಳಿ ಓಡಿಸುವ ಮೊದಲೂ ಯಾವ ದಾರ ಎಳೆಯಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಕಾಶೆವ್ವ ಹಾಡಿ ಹೇಳುತ್ತಿದ್ದಳು. ತಾಯಿಯ ಬಾಯಿ, ಮಗನ ಕೈ. ಇಬ್ಬರೂ ಸೇರಿದರೆ ಒಬ್ಬ ನೇಕಾರ. ಅವ್ವ ಹೇಳಿದಳು, ತಾನು ಎಳೆದ. ಹಾಡು ಕಲಿಯಬೇಕೆಂದು ಕೆಂಚಪ್ಪನಿಗೆ ಎಂದೂ ಅನ್ನಿಸಿರಲಿಲ್ಲ.

ಹೀಗಿರುವಾಗ ಕಾಶೆವ್ವನಿಗೆ ಲಕ್ವಾ ಹೊಡೆಯಿತು. ಅರ್ಧ ಮೈ ಹೋಯಿತು, ಮಾತು ಹೋಯಿತು. ಗೋಕಾಕದ ಜವಳಿ ವ್ಯಾಪಾರಿಯೊಬ್ಬರು ಮಗಳ ಮದುವೆಗೆಂದು ಹೇಳಿದ್ದ ಸೀರೆ ಮಗ್ಗದ ಮೇಲೆ ಅರ್ಧಕ್ಕೇ ನಿಂತಿತು.

ಚನ್ನವ್ವ ಈ ಸಲ ಬಂದದ್ದು ಕಾಲು ಮುರಿದುಕೊಂಡ ದೊಡ್ಡವ್ವ ಯಲ್ಲವ್ವನ ಆರೈಕೆಗೆ. ವಿಷಯ ಕೇಳಿ ದೊಡ್ಡವ್ವನೇ ಹೇಳಿದಳು. "ಹೋಗಿ ಹೇಳಿ ಬಾರವ್ವ. ಕಾಶೆವ್ವ ಕುಂತಲ್ಲೇ ಕಣ್ಣೀರ ಹಾಕ್ತಾಳ, ನೋಡಾಕ ಆಗವೊಲ್ದು. ಆಕಿ ಅಲ್ಲೇ ಇರ್ತಾಳಲ್ಲ, ಯಾರೂ ಏನೂ ಅನ್ನಂಗಿಲ್ಲ."

ಮರುದಿನದಿಂದ ಚನ್ನವ್ವ ಮಗ್ಗದ ಕೋಣೆಯಲ್ಲಿ ಗೋಡೆಗೆ ಒರಗಿ ಕೂತು ಹಾಡತೊಡಗಿದಳು. ಕೆಂಚಪ್ಪ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ನೇಯತೊಡಗಿದ. ಮೂಲೆಯಲ್ಲಿ ಕಾಶೆವ್ವ. ಅವಳ ಸರಿ ಇದ್ದ ಕೈಯಲ್ಲಿ ಒಂದು ಕೋಲು. ಹಾಡು ತಪ್ಪಿದರೆ 'ಟಕ್!' ಎಂದು ನೆಲಕ್ಕೆ ಬಡಿಯುತ್ತಿದ್ದಳು. ಬಾಯಿ ಹೋದರೂ ಅವಳ ಯಜಮಾನಿಕೆ ಹೋಗಿರಲಿಲ್ಲ!

ಆದರೆ ಹಾಡೋ... ಆ ಹಾಡಿಗೆ ತಲೆಯಿಲ್ಲ, ಬುಡವಿಲ್ಲ, ನಡುವೆ ನಿಲ್ಲುವ ಒಂದು ಕಟ್ಟೆಯೂ ಇಲ್ಲ. ಆಕಳು ಬರುತ್ತಿತ್ತು, ಸೀರೆ ಉಟ್ಟವರು ಬರುತ್ತಿದ್ದರು, ಜೋಳದ ಹೊಲ ಬರುತ್ತಿತ್ತು. ಒಂದು ಕೆಮ್ಮು ಬಂದರೆ ಸಾಕು, ಎಲ್ಲಿದ್ದೆವು ಎನ್ನುವುದೇ ತಿಳಿಯುತ್ತಿರಲಿಲ್ಲ. ಮತ್ತೆ ಮೊದಲಿಂದ ಬಾಯಲ್ಲೇ ಹಾಡಿಕೊಂಡು ಬಂದು ನಿಂತ ಜಾಗ ಹುಡುಕಬೇಕು.

"ನಿಮ್ಮವ್ವ ಇಷ್ಟು ಉದ್ದಂದು ಹೆಂಗ ನೆನಪ ಇಟ್ಟಾಳ್ರಿ?"

"ನಮ್ಮವ್ವ ನೆನಪ ಇಟ್ಟಿಲ್ಲ ಚನ್ನವ್ವ, ಅದು ಆಕಿ ಉಸರಿನಾಗ ಇತ್ತು," ಎಂದ ಕೆಂಚಪ್ಪ ಮೆಲ್ಲಗೆ.

ತಾಯಿಯ ಬಗ್ಗೆ ಮಾತಾಡುವಾಗ ಅವನ ದನಿ ಹೀಗೆ ಮೆತ್ತಗಾಗುತ್ತಿತ್ತು. ಊಟದ ಹೊತ್ತಿಗೆ ಮಗ್ಗದಿಂದ ಎದ್ದು ಬಂದು ರೊಟ್ಟಿಯನ್ನು ಹಾಲಿನಲ್ಲಿ ಕಿವುಚಿ ತಾಯಿಗೆ ತಿನಿಸುತ್ತಿದ್ದ. ತುಟಿಯಂಚಿನಿಂದ ಸೋರಿದ್ದನ್ನು ತನ್ನ ಪಂಚೆಯ ತುದಿಯಿಂದಲೇ ಒರೆಸುತ್ತಿದ್ದ. ಅದನ್ನು ನೋಡಿದ ದಿನವೇ ಚನ್ನವ್ವನ ಎದೆಯಲ್ಲಿ ಏನೋ ಕರಗಿತು. 'ಎಂಥಾ ಮನಿಶ್ಯಾ ಇವರು...' ಅಂದುಕೊಂಡಳು. ಅಂದಿನಿಂದ ಅವನ ಮುಖ ನೋಡುವ ಧೈರ್ಯವೇ ಹೊರಟುಹೋಯಿತು.

ಮುಖ ನೋಡಲಾಗದವಳು ಮತ್ತೇನು ನೋಡಬೇಕು? ಅವನ ಕೈ ನೋಡುತ್ತ ಹಾಡತೊಡಗಿದಳು. ನೋಡಿ, ನಾಚಿಕೆಯಿಂದಲೂ ಲಾಭವಿರುತ್ತದೆ!

ಒಂದು ಮಧ್ಯಾಹ್ನ ಹಾಡುತ್ತ ಹಾಡುತ್ತ ಅವಳ ಬಾಯಿ ಹಾಗೇ ತೆರೆದುಕೊಂಡು ಉಳಿಯಿತು.

"ನಿಲ್ಲಸ್ರಿ! ಕೈ ನಿಲ್ಲಸ್ರಿ!"

"ಏನಾತು?"

"'ಕೆಂದಾಕಳ ಎದ್ದಿತ, ಹಳದ್ಯಾಕಳ ಮಲಗಿತ' ಅಂದಾಗ ನೀವು ಯಾವ ದಾರ ಎಳದ್ರಿ?"

"ಕೆಂಪ ಎಳದೆ, ಹಳದಿ ಬಿಟ್ಟೆ."

"ಈಗ 'ಕೆಂಪು ಸೀರಿಯಾಕಿ ಏಳ, ಹಳದಿ ಕುಬಸದಾಕಿ ಕೂಡ' ಅಂದ್ನಿ. ಈಗ?"

ಕೆಂಚಪ್ಪ ತನ್ನ ಕೈಯನ್ನೇ ನೋಡಿಕೊಂಡ. "ಅಯ್ಯ... ಅದ ದಾರ!"

"ಅದರ ಮುಂದಿಂದೂ ಅದ, ಅದರ ಮುಂದಿಂದೂ ಅದ! ಮಾತಷ್ಟ ಬ್ಯಾರೆ, ಕೆಲಸ ಒಂದ! ಇದು ಎಸಳು ನೋಡ್ರಿ, ಹೂವಿನ ಎಸಳು! ಒಮ್ಮೆ ಆಕಳ ಹೆಸರಲೇ ಹೇಳ್ಯಾಳ, ಒಮ್ಮೆ ಸೀರಿ ಹೆಸರಲೇ ಹೇಳ್ಯಾಳ. ನಾವು ಇದಕ್ಕ 'ಎಸಳು' ಅಂತ ಒಂದ ಹೆಸರ ಇಟ್ರ? ನಾ 'ಎಸಳು' ಅಂದ್ರ ಸಾಕು, ನಿಮ್ಮ ಕೈ ಅಷ್ಟೂ ಎಳೀಬೇಕು!"

ಅವಳ ಕಣ್ಣುಗಳು ಹೊಳೆಯುತ್ತಿದ್ದವು. ಕೆಂಚಪ್ಪ ದಾರ ನೋಡುವುದು ಬಿಟ್ಟು ಆ ಕಣ್ಣುಗಳನ್ನೇ ನೋಡುತ್ತಿದ್ದ. ಪಾಪ, ಅವಳಿಗೆ ಅದರ ಪರಿವೆಯೇ ಇರಲಿಲ್ಲ.

ಅಂದಿನಿಂದ ಇಬ್ಬರೂ ಹಾಡನ್ನು ಬಿಡಿಸತೊಡಗಿದರು. ಗಂಟುಬಿದ್ದ ನೂಲನ್ನು ಬಿಡಿಸುವ ಹಾಗೆ, ಎಳೆ ಕಡಿಯದಂತೆ, ಸಾವಕಾಶ. ಹೂವಿನ ನಡುವಿನ ಭಾಗಕ್ಕೆ 'ಕಣ್ಣು' ಎಂದು ಹೆಸರಿಟ್ಟರು. ಹೂವಿನಿಂದ ಹೂವಿಗೆ ಹೋಗುವ ದಾರಿಗೆ 'ಬಳ್ಳಿ' ಎಂದರು. ದಡಿಯಂಚಿನ ಸಾದಾ ಗೆರೆಗೆ ಏನೆನ್ನುವುದು ಎಂದು ಚನ್ನವ್ವ ಗಲ್ಲದ ಮೇಲೆ ಬೆರಳಿಟ್ಟು ಕೂತಾಗ, ಕೆಂಚಪ್ಪನೇ 'ಹೊಸ್ತಿಲು' ಅಂದ.

ಆದರೆ ಎಸಳನ್ನೆಲ್ಲ ಒಂದೇ ಎಂದು ತಿಳಿದದ್ದರಿಂದಲೇ ಒಮ್ಮೆ ಮೋಸವಾಯಿತು. ಚನ್ನವ್ವ ಉಮೇದಿಯಲ್ಲಿ "ಎಸಳು! ಎಸಳು!" ಅಂದಳು, ಇವನು ಎಳೆದ. ಮೂಲೆಯಿಂದ 'ಟಕ್! ಟಕ್!'

ನೋಡಿದರೆ ಎರಡು ಎಸಳೂ ಒಂದೇ ಕಡೆಗೆ ಮುಖ ಮಾಡಿ, ಮುನಿಸಿಕೊಂಡ ಹೆಂಡತಿಯ ಬೆನ್ನ ಹಿಂದೆ ಗಂಡ ನಿಂತ ಹಾಗೆ ನಿಂತಿದ್ದವು.

"ಅಯ್ಯಯ್ಯ! ಕೆಡಸಿಬಿಟ್ಟೆ! ಎರಡೂ ಅದ ದಾರನ, ಆದ್ರ ಒಂದು ಹಿಂದ ಮುಂದ ಆಗಬೇಕಾಗಿತ್ತು!"

"ಅಳಬ್ಯಾಡ," ಕೆಂಚಪ್ಪ ನಕ್ಕ. "ಹೆಸರ ಒಂದ ಇರಲಿ. ಯಾವ ಕಡೆ ಅನ್ನೂದು ಹೇಳಿದ್ರ ಆತು. ಎಡಕ ಎಸಳು, ಬಲಕ ಎಸಳು."

ತಪ್ಪಿದ ಸಾಲುಗಳನ್ನು ಕೀಳಲು ಅವನು ಮಗ್ಗದ ಆಚೆ ಬದಿಗೆ, ಅವಳು ಈಚೆ ಬದಿಗೆ ಬಾಗಿದರು. ನೇಯುವುದು ಒಬ್ಬರ ಕೆಲಸ, ಕೀಳುವುದು ಇಬ್ಬರ ಕೆಲಸ. ಎಳೆ ಕೈ ಬದಲಿಸುವಾಗ ಬೆರಳಿಗೆ ಬೆರಳು ತಾಗಿತು. ಇಬ್ಬರೂ ಬೇಗ ಕೈ ಹಿಂದೆ ತೆಗೆದುಕೊಳ್ಳಬಹುದಾಗಿತ್ತು. ಇಬ್ಬರೂ ತೆಗೆದುಕೊಳ್ಳಲಿಲ್ಲ...

ಕಡೆಗೊಂದು ದಿನ, ಕಾಶೆವ್ವ ನೇಯಿಸಿದ್ದ ಹಳೆಯ ಸೀರೆಯ ದಡಿಯನ್ನು ಹೊಸ ದಡಿಯ ಪಕ್ಕಕ್ಕಿಟ್ಟು ನೋಡಿದರು. ಎಸಳಿಗೆ ಎಸಳು, ಕಣ್ಣಿಗೆ ಕಣ್ಣು ಕೂಡಿತು. ಹಾಡು ಬದಲಾಗಿತ್ತು, ದಡಿ ಬದಲಾಗಿರಲಿಲ್ಲ! ಕಾಶೆವ್ವನ ಮುಂದೆ ಹಿಡಿದಾಗ ಆಕೆ ಬೆರಳಿನಿಂದ ದಡಿ ಸವರಿ ಸವರಿ ನೋಡಿದಳು. ಆಮೇಲೆ ಆ ಬೆರಳನ್ನು ಚನ್ನವ್ವನ ಕೆನ್ನೆಗೆ ತಂದಳು.

"ಹೊಸ್ತಿಲು, ಬಳ್ಳಿ, ಎಡಕ ಎಸಳು, ಕಣ್ಣು, ಬಲಕ ಎಸಳು, ಹೊಸ್ತಿಲು." ಇಷ್ಟೇ ಈಗ ಹಾಡು. ಯಾರು ಬೇಕಾದರೂ ಹೇಳಬಹುದು. ನಡುವೆ ಎದ್ದು ನೀರು ಕುಡಿದು ಬಂದು, ನಿಂತಲ್ಲಿಂದಲೇ ಮುಂದುವರಿಸಬಹುದು.

ಅಂದು ಮನೆಗೆ ಹೋಗುವಾಗ ಚನ್ನವ್ವನಿಗೆ ಸಂತೋಷವಾಗಬೇಕಾಗಿತ್ತು. ಆಗಲಿಲ್ಲ. ಹಿತ್ತಲ ಬಾಗಿಲ ಹತ್ತಿರ ಹೋಗುತ್ತಿದ್ದಂತೆ ಒಂದು ವಿಚಾರ ಬಂದು ಅವಳ ಕಾಲು ಕಟ್ಟಿತು.

'ಯಾರ ಬೇಕಾದ್ರೂ ಹೇಳಬಹುದು ಅಂದ್ರ... ಅವರೂ ತಮ್ಮಷ್ಟಕ್ಕ ಹೇಳ್ಕೋಬಹುದು. ಇನ್ನ ನಾ ಯಾಕ ಬೇಕು?'

ತನ್ನ ಕೈಯಿಂದಲೇ ತಾನು ಬೇಡವಾದಳಲ್ಲ! ಕೆಂಚಪ್ಪನಿಗೆ ಬೇಕಾದದ್ದು ತನ್ನ ದನಿಯೋ, ತಾನೋ? ಕೇಳುವುದಾದರೂ ಹೇಗೆ? ಕೇಳಿ, 'ದನಿ' ಅಂದುಬಿಟ್ಟರೆ?

ಆದರೆ ಮರುದಿನ ಕೆಂಚಪ್ಪ ಬಳ್ಳಿಯಲ್ಲಿ ತಪ್ಪಿದ. 'ಟಕ್!' ಇಬ್ಬರೂ ಬಾಗಿ ಕಿತ್ತರು. ಅದರ ಮರುದಿನ ಕಣ್ಣಿನಲ್ಲಿ ತಪ್ಪಿದ. ಕಿತ್ತರು. ಆಮೇಲೆ ಹೊಸ್ತಿಲಿನಲ್ಲೂ ತಪ್ಪಿದ! ಹೊಸ್ತಿಲೆಂದರೆ ಸಾದಾ ಗೆರೆ, ಕಣ್ಣು ಮುಚ್ಚಿದರೂ ಬರುವಂಥದ್ದು.

ಚನ್ನವ್ವ ಮೊದಲು ಗಾಬರಿಯಾದಳು, ಆಮೇಲೆ ಸೊರಗಿದಳು. ತಾನು ಹಾಡು ಬಿಡಿಸಿದ್ದೇ ಸರಿಯಿಲ್ಲವೇನೋ? ಕಣ್ಣನ್ನು ಮತ್ತೆ ಎರಡು ತುಂಡು ಮಾಡಿದಳು, ಬಳ್ಳಿಯನ್ನು ಮೂರು ತುಂಡು ಮಾಡಿದಳು. ದೊಡ್ಡವ್ವ ಕೇಳಿ ನಕ್ಕಳು. "ಅಕ್ಕಿ ಒಡದು ನುಚ್ಚ ಮಾಡಿದಿ, ಛಲೋ ಆತು. ಈಗ ನುಚ್ಚ ಒಡದು ಹಿಟ್ಟ ಮಾಡಾಕತ್ತಿ. ಹಿಟ್ಟಿನಾಗ ಅನ್ನಾ ಮಾಡಾಕ ಬರ್ತೈತೇನ ಹುಚ್ಚಿ?" ಖರೆಯೇ. ಆ ತುಂಡುಗಳ ಹೆಸರು ನೆನಪಿಡುವುದೇ ಒಂದು ಹೊಸ ಹಾಡಾಯಿತು. ಚನ್ನವ್ವ ಅವನ್ನು ಮತ್ತೆ ಕೂಡಿಸಿದಳು. ಆದರೂ ಕೆಂಚಪ್ಪನ ತಪ್ಪು ನಿಲ್ಲಲಿಲ್ಲ. ಅವನು ತಪ್ಪಿದಾಗಲೆಲ್ಲ ಮೂಲೆಯಲ್ಲಿ ಕಾಶೆವ್ವ ಸೊಟ್ಟ ಬಾಯಿಯಲ್ಲಿ ನಗುತ್ತಿದ್ದಳು. ತನ್ನನ್ನು ನೋಡಿಯೇ ನಗುತ್ತಾಳೆ ಎಂದು ಚನ್ನವ್ವ ಒಳಗೊಳಗೇ ಕುಗ್ಗಿದಳು.

ಆಗಲೇ ಮಸಗುಪ್ಪಿಯಿಂದ ಸುದ್ದಿ ಬಂತು. ಕಣಗಲಾದ ಒಕ್ಕಲುತನದ ಮನೆಯವರು ಚನ್ನವ್ವನನ್ನು ನೋಡಲು ಬರುತ್ತಾರಂತೆ, ಹೊರಟು ಬರಬೇಕಂತೆ. ದೊಡ್ಡವ್ವ ಅದನ್ನು ಗೋಡೆಯಾಚೆಗೂ ಕೇಳುವಂತೆ ಹೇಳಿದಳು.

ಅಂದು ಮಗ್ಗದ ಕೋಣೆಯಲ್ಲಿ ಕೆಂಚಪ್ಪ ಎಡ ಎಸಳಿಗೆ ಬಲ ಎಸಳು ಎಳೆದ. 'ಟಕ್!'

"ಮತ್ತ ತಪ್ಪಿದ್ರಿ," ಎಂದಳು ಚನ್ನವ್ವ. "ಇಷ್ಟು ಸಣ್ಣದು ಮಾಡಿ ಕೊಟ್ರೂ ಯಾಕ ತಪ್ಪತೈತ್ರಿ?"

ಕೆಂಚಪ್ಪ ಲಾಳಿಯನ್ನು ಬಿಸುಟು ಎದ್ದ. "ಸಣ್ಣದು ಯಾಕ ಮಾಡಿದಿ? ಯಾರ ಮಾಡು ಅಂದಿದ್ರು? ಉದ್ದ ಇದ್ದಿದ್ರನ ಛಲೋ ಇತ್ತು!"

ಚನ್ನವ್ವನ ಮುಖ ಸುಣ್ಣದ ಗೋಡೆಯಂತಾಯಿತು.

'ಉದ್ದ ಇದ್ದರೆ ನೀನು ಇನ್ನಷ್ಟು ದಿನ ಇಲ್ಲೇ ಇರುತ್ತಿದ್ದೆ' ಎಂಬ ಮಾತು ಅವನ ಗಂಟಲಲ್ಲೇ ಉಳಿಯಿತು. ಅವಳಿಗೆ ಕೇಳಿಸಿದ್ದು ಬೇರೆಯೇ. 'ನಮ್ಮವ್ವನ ಹಾಡನ್ನು ನೀನು ಕೆಡಿಸಿದೆ!'

"ತಪ್ಪಾತ್ರಿ..." ಅವಳು ಎದ್ದು ನಿಂತಳು. "ನಿಮ್ಮವ್ವನ ಹಾಡಿಗೆ ನಾ ಕೈ ಹಚ್ಚಬಾರದಾಗಿತ್ತು."

"ಚನ್ನವ್ವ, ನಾ ಹಂಗ..."

ಅವಳು ನಿಲ್ಲಲಿಲ್ಲ. ಬೆಳಗಾಗುತ್ತಲೇ ಮೋಟಾರು ಬಸ್ಸು ಹತ್ತಿ ಹೊರಟೇಹೋದಳು. ದಾರಿಯುದ್ದಕ್ಕೂ ಸೆರಗು ಬಾಯಿಗೆ ಒತ್ತಿಕೊಂಡೇ ಕೂತಿದ್ದಳು.

ಮಸಗುಪ್ಪಿಯಲ್ಲಿ ಅವಳ ಅಪ್ಪ ಪರಪ್ಪ ಮನೆಗೆ ಸುಣ್ಣ ಹಚ್ಚಿಸಿ ಕಾಯುತ್ತಿದ್ದ. ಕಣಗಲಾದವರು ಬರಲು ತಡವಾಯಿತು. ಹೊಲದ ಕೆಲಸ ಮುಗಿಯಲಿ ಎಂದು ಹೇಳಿ ಕಳಿಸಿದ್ದರು. ಚನ್ನವ್ವ ಕಸ ಹೊಡೆದಳು, ರೊಟ್ಟಿ ಬಡಿದಳು. ಬೀಸುವಾಗ ಮಾತ್ರ ಹಾಡುವುದನ್ನು ಬಿಟ್ಟುಬಿಟ್ಟಳು. ಅಪ್ಪ ಗಮನಿಸಿದ, ಕೇಳಲಿಲ್ಲ. ತಾಯಿಯಿಲ್ಲದ ಮಗಳ ಮೌನವನ್ನು ಕೆದಕಲು ಅವನಿಗೆ ಅಂಜಿಕೆ.

ಕಡೆಗೆ ನಾಳೆ ಕಣಗಲಾದವರು ಬರುತ್ತಾರೆ ಎನ್ನುವ ದಿನ, ಇಳಿಹೊತ್ತಿನಲ್ಲಿ ಅಂಗಳಕ್ಕೆ ಒಬ್ಬ ಬಂದು ನಿಂತ. ಮೈಯೆಲ್ಲ ದಾರಿಯ ಧೂಳು.

"ಶರಣರಿ ಕಾಕಾ. ನಾ ಕೆಂಚಪ್ಪ, ಯಮಕನಮರಡಿಯವ. ಗೋಕಾಕಕ್ಕ ಸೀರಿ ಮುಟ್ಟಿಸಾಕ ಬಂದಿದ್ದೆ... ಹಿಂಗ ಈ ಕಡೆ... ಮೋಟಾರು ಇತ್ತು... ಅಂದ್ರ ಮೋಟಾರು ಇರಲಿಲ್ಲ, ಚಕ್ಕಡಿ ಸಿಕ್ಕಿತು... ಯಲ್ಲವ್ವ ದೊಡ್ಡವ್ವನ ಕಾಲು ಈಗ ಛಲೋ ಐತಿ..."

ಒಳಗೆ ರೊಟ್ಟಿ ಬಡಿಯುತ್ತಿದ್ದ ಚನ್ನವ್ವನ ಕೈ ನಿಂತಿತು.

ಪರಪ್ಪ ಅವನನ್ನು ಮೇಲಿಂದ ಕೆಳಗೆ ನೋಡಿದ. ಆಮೇಲೆ ಒಳಗೆ ಮುಖ ಮಾಡಿ, "ಚನ್ನವ್ವ, ಬೆಲ್ಲಾ ನೀರು ತಾರವ್ವ. ಈತ ಏನೋ ಹೇಳಾಕ ಬಂದಾನ, ಊರೆಲ್ಲಾ ಸುತ್ತಾಕತ್ತಾನ. ನಿನಗರ ತಿಳೀತೈತೇನ ನೋಡು. ನಾ ಎತ್ತಿಗೆ ಮೇವು ಹಾಕ್ತೀನಿ," ಎಂದು ಕೊಟ್ಟಿಗೆಗೆ ಹೋದ. ಹೋದವನು ಬಾಗಿಲ ಹತ್ತಿರವೇ ನಿಂತ ಬಿಡಿ, ಅಪ್ಪನಲ್ಲವೇ!

ಚನ್ನವ್ವ ತಂಬಿಗೆ ತಂದು ಇಟ್ಟಳು. ಮುಖ ಎತ್ತಲಿಲ್ಲ.

"ಸೀರಿ ಮುಗೀತೇನ್ರಿ?"

"ಮುಗೀತು."

"ಹಾಡು ಯಾರ ಹೇಳಿದ್ರು?"

"ನಾನ. ನನಗ ನಾನ ಹೇಳ್ಕೊಂಡೆ. ಒಂದೂ ತಪ್ಪಲಿಲ್ಲ."

ಚನ್ನವ್ವ ತಂಬಿಗೆಯನ್ನೇ ನೋಡಿದಳು. ತಾನು ಅಂಜಿದ್ದೇ ಆಯಿತಲ್ಲ! ತಾನಿಲ್ಲದೆಯೂ ಎಲ್ಲ ಸಸೂತ್ರ ನಡೆದಿದೆ.

"ಹಂಗಾದ್ರ ಛಲೋ ಆತ್ರಿ," ಎಂದಳು. ಆದರೆ ಕಣ್ಣೀರು ಮಾತು ಕೇಳಲಿಲ್ಲ, ಅಂಗಳದ ಮೇಲೆ ಉದುರಿತು. "ನಾ ಇದ್ದಾಗ ದಿನಾ ತಪ್ಪತಿತ್ತು. ನಾ ಹೋದ ಮ್ಯಾಲ ತಪ್ಪಲಿಲ್ಲ. ಅಂದ್ರ ತಪ್ಪು ನಂದ ಇತ್ತು."

"ಅಲ್ಲ ಚನ್ನವ್ವ! ಅಲ್ಲ!" ಕೆಂಚಪ್ಪ ಕಂಗಾಲಾದ. "ನೀ ಬಿಡಿಸಿ ಕೊಟ್ಟ ದಿನಾನ ನನಗ ಪೂರಾ ಬಂದಿತ್ತು! ನಾ... ನಾ ಬೇಕಂತ ತಪ್ಪತಿದ್ದೆ."

"ಏನಂದ್ರಿ?"

"ಮುಗದ್ರ ನೀ ಹೋಗ್ತಿ. ತಪ್ಪಿದ್ರ ಕೀಳಾಕ ನೀ ಬಾಜೂ ಬರ್ತಿದ್ದಿ. ಅದಕ್ಕ... ಅವ್ವಗ ಮೊದಲ ದಿನಾನ ಗೊತ್ತಾಗಿತ್ತು, ಅದಕ್ಕ ನಗತಿದ್ಲು. ನೀ ಹೋದ ಮ್ಯಾಲ ಮಗ್ಗದಾಗ ಒಂದೂ ತಪ್ಪಿಲ್ಲ, ಆದ್ರೂ ಅವ್ವ ಕೋಲು ಬಡಿಯೂದು ಬಿಡವೊಲ್ಲಳು! ಮುಂಜಾನಿ ಎದ್ದ ಕೂಡ್ಲೆ ನನ್ನ ಮಾರಿ ನೋಡಿ ಶುರು ಮಾಡ್ತಾಳ. ಸೀರಿ ಮುಗಿಸಿ ಕೊಟ್ಟ ಮ್ಯಾಲನ ಬರಬೇಕಂತ ಮಾಡಿದ್ದೆ. ಇಲ್ಲಂದ್ರ ಹಾಡಿಗೆ ಕರಿಯಾಕ ಬಂದಾನ ಅಂತ ನೀ ತಿಳ್ಕೋತಿದ್ದಿ..."

ಚನ್ನವ್ವ ಬೆಪ್ಪಾಗಿ ನಿಂತಿದ್ದಳು. ತಾನು ಕಣ್ಣನ್ನು ಎರಡು ತುಂಡು ಮಾಡಿ, ಬಳ್ಳಿಯನ್ನು ಮೂರು ತುಂಡು ಮಾಡಿ ಪರದಾಡಿದ್ದು ಇವನ ಈ ಕಳ್ಳಾಟಕ್ಕೋ! ಸಿಟ್ಟು ಬಂತು, ನಗು ಬಂತು, ಅಳುವೂ ಬಂತು.

"ಮತ್ತ 'ಉದ್ದ ಇದ್ರ ಛಲೋ ಇತ್ತು' ಅಂದ್ರಿ?"

"ಉದ್ದ ಇದ್ದಿದ್ರ ನೀ ಇನ್ನೂ ಇರ್ತಿದ್ದಿ. ನೀ ಊರಿಗೆ ಹೋಗಾಕ ಗಡಿಬಿಡಿ ಮಾಡಿ ಹಾಡು ಸಣ್ಣ ಮಾಡಿದಿ ಅಂತ ನಾ ತಿಳ್ಕೊಂಡೆ. ಆಮ್ಯಾಲ ನಿನ್ನ ದೊಡ್ಡವ್ವ ನನಗ ಬೈದ್ಲು. ಆಕಿ ಬೈದ ಮ್ಯಾಲ ನನಗ ತಿಳೀತು, ಅಂದ್ರ ಮೊದಲ ತಿಳದಿತ್ತು, ಆದ್ರ ಖರೆ ಹೌದೋ ಅಲ್ಲೋ ಅನ್ನೂದು..."

"ಸಾಕ್ರಿ!"

ಅವನು ತಲೆ ಎತ್ತಿ ನೋಡಿದ.

"ಭಾಳ ಉದ್ದ ಆತು," ಎಂದಳು ಚನ್ನವ್ವ, ಸೆರಗಿನಿಂದ ಕಣ್ಣೊರೆಸಿಕೊಂಡು. ಈ ಸಲ ಅವಳು ಅವನ ಕೈ ನೋಡಲಿಲ್ಲ, ಮುಖವನ್ನೇ ನೋಡಿದಳು. "ಸಣ್ಣದು ಮಾಡಿ ಹೇಳ್ರಿ."

ಈಗ ಕೆಂಚಪ್ಪ ತಪ್ಪಲಿಲ್ಲ.

"ಹಾಡು ನನಗ ಬರ್ತೈತಿ. ಆದ್ರೂ ನೀ ಬೇಕು."

ಅಷ್ಟೇ. ಅಷ್ಟನ್ನು ಕೇಳಲು ಅವಳು ಎಷ್ಟು ದಿನ ಕಾದಿದ್ದಳು! ಅಗತ್ಯ ಮುಗಿದ ಮೇಲೂ ಬಂದಿದ್ದಾನೆ. ದನಿಗಾಗಿ ಅಲ್ಲ, ತನಗಾಗಿ...

ಕೊಟ್ಟಿಗೆಯಿಂದ ಪರಪ್ಪ ಕೆಮ್ಮಿದ. "ಚನ್ನವ್ವ, ನಾಳೆ ಬರೋರಿಗೆ ಏನ ಹೇಳಿ ಕಳಸಲೆವ್ವ?"

"ಬರಬ್ಯಾಡ್ರಿ ಅಂತ ಹೇಳಪ್ಪಾ."

"ವಿಚಾರ ಮಾಡಿದೇನ?"

"ಮಾಡೀನಿ."

ಪರಪ್ಪ ಕೈಯಲ್ಲಿದ್ದ ಮೇವು ಕೆಳಗಿಟ್ಟ. "ಹಂಗಾದ್ರ ಅವರವ್ವನ ನೋಡಾಕ ನಾವ ಹೋಗೂಣು. ಆಕಿಗೆ ಬರಾಕ ಆಗಂಗಿಲ್ಲಲ್ಲ," ಎಂದವನೇ ಎತ್ತಿನ ಕಡೆ ತಿರುಗಿ ಸುಳ್ಳೇ ಏನೋ ಗದರಿದ.

ಕೆಂಚಪ್ಪನಿಗೆ ನಂಬಿಕೆಯೇ ಬರಲಿಲ್ಲ. ಮೆಲ್ಲಗೆ ಒಂದು ಹೆಜ್ಜೆ ಮುಂದೆ ಬಂದ.

"ನಿಮ್ಮಪ್ಪಗ ಹೇಳಿದಿ. ನನಗ ಏನೂ ಹೇಳಲಿಲ್ಲ?"

ಚನ್ನವ್ವ ತಂಬಿಗೆ ಎತ್ತಿ ಅವನ ಕೈಗೆ ಕೊಟ್ಟಳು. ಬೆರಳಿಗೆ ಬೆರಳು ತಾಗಿತು.

"ನಿಮಗ ಹೇಳೂದು ಐತ್ರಿ... ಆದ್ರ ಅದನ್ನ ಸಣ್ಣದು ಮಾಡಾಕ ನನಗ ಬರಂಗಿಲ್ಲ."

"ಉದ್ದಂದ ಇರಲಿ," ಅಂದ ಕೆಂಚಪ್ಪ. "ನಾ ಕೇಳ್ಕೋತ ಕೂಡ್ತೀನಿ."